ನಾಲ್ಕು ಸೀಟಿನ ವಿಮಾನಕ್ಕೆ ಪ್ಯಾನೆಲ್ ಜಿಪಿಎಸ್: ದೊಡ್ಡ ಪರದೆ ಬೇಕೇ, ಚಿಕ್ಕದು ಸಾಕೇ?

ನಿಮ್ಮದು ನಾಲ್ಕು ಸೀಟಿನ ಹಳೆಯ ವಿಮಾನ. ಎರಡು ನ್ಯಾವ್‌ಕಾಮ್ ರೇಡಿಯೊಗಳಿವೆ (ದಾರಿ ತೋರುವ ನ್ಯಾವ್, ಮಾತಾಡುವ ಕಾಮ್ ಎರಡೂ ಸೇರಿದವು), ಇನ್‌ಸ್ಟ್ರುಮೆಂಟ್ ರೇಟಿಂಗ್‌ಗೆ, ಅಂದರೆ ಉಪಕರಣಗಳನ್ನಷ್ಟೇ ನೋಡಿ ಹಾರುವ ಅರ್ಹತೆಗೆ ತಯಾರಿ ನಡೆದಿದೆ. ಗಾರ್ಮಿನ್ ಕಂಪನಿಯ ಸೆಕೆಂಡ್ ಹ್ಯಾಂಡ್ ಜಿಎನ್‌ಎಸ್ 430 ಕೊಳ್ಳಲೇ, ಚಿಕ್ಕ ಜಿಪಿಎಸ್ 175 ಹಾಕಿಸಲೇ, ಸಾಲ ಮಾಡಿಯಾದರೂ ದೊಡ್ಡ ಪರದೆಯ ಜಿಟಿಎನ್ 750 ತರಲೇ ಎಂದು ಕೇಳಿದ್ದೀರಿ. ಸಾಲ ಮಾಡಬೇಡಿ. ನಕ್ಷೆ ನೋಡಲು ತೊಡೆಯ ಮೇಲೆ ಟ್ಯಾಬ್ಲೆಟ್ ಹೇಗೂ ಇರುತ್ತದೆ. ಪ್ಯಾನೆಲ್‌ನಲ್ಲಿರುವ ಜಿಪಿಎಸ್‌ನ ಮುಖ್ಯ ಕೆಲಸ ನಕ್ಷೆ ತೋರಿಸುವುದಲ್ಲ, ಸಿಡಿಐ ಸೂಜಿಯನ್ನೂ (ದಾರಿಯಿಂದ ಎಷ್ಟು ಸರಿದಿದ್ದೀರಿ ಎಂದು ತೋರಿಸುವ ಉಪಕರಣ) ಆಟೋಪೈಲಟ್ಟನ್ನೂ ನಂಬುವಂತೆ ನಡೆಸುವುದು. ಹಾಗಾಗಿ ಜಿಪಿಎಸ್ ಯಾವುದೆಂದು ತೀರ್ಮಾನಿಸುವ ಮೊದಲು ಅದರ ಸುತ್ತ ಏನೇನಿದೆ ನೋಡಿ.

ಬರೀ 430ಕ್ಕೂ 430ಡಬ್ಲ್ಯುಗೂ ಬಹಳ ವ್ಯತ್ಯಾಸವಿದೆ. ಎರಡನೆಯದು ವಾಸ್ (ಅಮೆರಿಕ), ಎಗ್ನಾಸ್ (ಯುರೋಪ್), ಗಗನ್ (ಭಾರತ) ಮುಂತಾದವು ಕಳಿಸುವ ಉಪಗ್ರಹ ತಿದ್ದುಪಡಿಯನ್ನು ಬಳಸಿ ಜಿಪಿಎಸ್ ಸ್ಥಾನವನ್ನು ಇನ್ನಷ್ಟು ನಿಖರಗೊಳಿಸುತ್ತದೆ. ಎಲ್‌ಪಿವಿ ಅಪ್ರೋಚ್ (ಉಪಗ್ರಹದ ನೆರವಿನಿಂದ ಅಡ್ಡ ದಾರಿಯನ್ನೂ ಇಳಿಯುವ ದಾರಿಯನ್ನೂ ಹಿಡಿದು ರನ್‌ವೇಯತ್ತ ಬರುವುದು) ಹಾರಲು ಅದು ಬೇಕೇ ಬೇಕು. ಒಳ್ಳೆಯ ಎಲ್‌ಪಿವಿ ಇದ್ದಲ್ಲಿ, ನೆಲದ ರೇಡಿಯೊ ಸಂಕೇತದಿಂದ ಇಳಿಸುವ ಐಎಲ್‌ಎಸ್‌ನಂತೆಯೇ, ರನ್‌ವೇ ಕಾಣದೆ 200 ಅಡಿಯವರೆಗೆ ಇಳಿಯಬಹುದು. ತಿದ್ದುಪಡಿ ಇಲ್ಲದ ಹಳೆಯ 430 ಅಗ್ಗವಾಗಿ ಸಿಕ್ಕಿದರೂ ಈಗ ರೇಟಿಂಗ್ ಮಾಡುವವರು ಅದನ್ನು ಕೊಳ್ಳಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಸೆಕೆಂಡ್ ಹ್ಯಾಂಡ್ 430ಡಬ್ಲ್ಯು ಆದರೆ ಪರವಾಗಿಲ್ಲ. ಮುಂದೊಂದು ದಿನ ಅದು ಕೆಟ್ಟರೆ ಪ್ಯಾನೆಲ್‌ನ ಅದೇ ಟ್ರೇಗೆ ಅವಿಡೈನ್ ಕಂಪನಿಯ ಐಎಫ್‌ಡಿ 440 ಕೂರುತ್ತದೆ.

ಜಿಪಿಎಸ್ 175ರ ಎತ್ತರ ಸುಮಾರು ಎರಡು ಇಂಚು, ಎಲ್‌ಪಿವಿ ಹಾರಬಲ್ಲದು. ಆದರೆ ಅದರಲ್ಲಿ ಕಾಮ್ ರೇಡಿಯೊ ಇಲ್ಲ, ವಿಒಆರ್ (ದಿಕ್ಕು ತೋರುವ ನೆಲದ ರೇಡಿಯೊ ಕೇಂದ್ರ) ಮತ್ತು ಐಎಲ್‌ಎಸ್ ರಿಸೀವರ್ ಕೂಡ ಇಲ್ಲ. ನಿಮ್ಮ ಹಳೆಯ ರೇಡಿಯೊಗಳು ಆರೋಗ್ಯವಾಗಿದ್ದರೆ ಇದನ್ನೇ ಹಾಕಿಸಿ, ಇದಕ್ಕೆಂದೇ ಒಂದು ಸಿಡಿಐ ಕೊಡಿ. ಜಿಪಿಎಸ್‌ಗೆ ಒಂದು ಸೂಜಿ, ಐಎಲ್‌ಎಸ್‌ಗೆ ಇನ್ನೊಂದು. ಟ್ರಾನ್ಸ್‌ಪಾಂಡರ್ (ರೇಡಾರ್‌ಗೆ ವಿಮಾನದ ಗುರುತು ಹೇಳುವ ಪೆಟ್ಟಿಗೆ) ಕೂಡ ಬದಲಾಗಬೇಕಿದ್ದರೆ, ಅದೂ ಸೇರಿರುವ ಜಿಎನ್‌ಎಕ್ಸ್ 375. ರೇಡಿಯೊಗಳೇ ಕೈಕೊಡುತ್ತಿದ್ದರೆ ಮಾತ್ರ ಜಿಪಿಎಸ್, ನ್ಯಾವ್, ಕಾಮ್ ಮೂರೂ ಒಂದರಲ್ಲೇ ಇರುವ ಜಿಟಿಎನ್ 650 ಅಥವಾ ಐಎಫ್‌ಡಿ 440.

ಎರಡು ಸೂಜಿ ಎಂದು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ನನ್ನ ವಿಮಾನದಲ್ಲಿ ಆಗ ಎರಡಕ್ಕೂ ಒಂದೇ ಸಿಡಿಐ ಇತ್ತು. ಮೋಡದೊಳಗೆ ಐಎಲ್‌ಎಸ್ ಹಿಡಿದಿದ್ದೆ. ಲಂಬ ಸೂಜಿ ನಟ್ಟನಡುವೆ ನಿಂತಿತ್ತು. ಇಳಿಯುವ ಕೋನ ತೋರಿಸುವ ಗ್ಲೈಡ್‌ಸ್ಲೋಪ್ ಸೂಜಿ ಮಾತ್ರ ಕದಲಲಿಲ್ಲ, ಪಕ್ಕದಲ್ಲಿ ಸಂಕೇತವಿಲ್ಲ ಎನ್ನುವ ಕೆಂಪು ಫ್ಲ್ಯಾಗ್. ಜಿಪಿಎಸ್ ಪರದೆಯ ಮೂಲೆಯಲ್ಲಿ ವಿಲಾಕ್ (ಸೂಜಿ ವಿಒಆರ್/ಐಎಲ್‌ಎಸ್ ರಿಸೀವರ್‌ನ ಮಾತು ಕೇಳುತ್ತಿದೆ) ಎಂದಿರಬೇಕಾದ ಕಡೆ ಜಿಪಿಎಸ್ ಎಂದಿತ್ತು. ಸೂಜಿಯನ್ನು ಒಂದರಿಂದ ಇನ್ನೊಂದಕ್ಕೆ ಬದಲಿಸುವ ಸಿಡಿಐ ಬಟನ್ ಒತ್ತುವುದನ್ನು ಮರೆತಿದ್ದೆ. ತಕ್ಷಣ ಪವರ್ ಕೊಟ್ಟು ಮೇಲೇರಿದೆ. ಅಂದಿನಿಂದ ಅಪ್ರೋಚ್ ಶುರುವಾಗುವ ಮೊದಲು ಆ ಮೂಲೆಯನ್ನು ಬೆರಳಿಟ್ಟು ತೋರಿಸಿ ಬಾಯಿಬಿಟ್ಟು ಓದುತ್ತೇನೆ.

ಆಟೋಪೈಲಟ್ ಹಳೆಯ ಅನಲಾಗ್ ಮಾದರಿಯಾಗಿದ್ದರೆ ರೋಲ್ ಸ್ಟಿಯರಿಂಗ್‌ಗೆ (ಜಿಪಿಎಸ್ ನೇರವಾಗಿ ಹೇಳಿದಂತೆ ತಿರುಗಲು) ಬೇರೆ ಕನ್ವರ್ಟರ್ ಬೇಕಾಗಬಹುದು. ಎಲ್‌ಪಿವಿಯ ಲಂಬ ಮಾರ್ಗವನ್ನು ಅದು ಹಿಡಿಯುತ್ತದೆಯೇ ಎಂಬುದನ್ನೂ ಹಣ ಕೊಡುವ ಮೊದಲು ಬರವಣಿಗೆಯಲ್ಲಿ ಪಡೆಯಿರಿ.

ಅಳವಡಿಕೆಯ ಗುಣಮಟ್ಟವೂ ಅಷ್ಟೇ ಮುಖ್ಯ. ಜಿಪಿಎಸ್ ಉಪಗ್ರಹಗಳ ಎಲ್1 ಎಂಬ ಸಂಕೇತ 1575.42 ಮೆಗಾಹರ್ಟ್ಸ್‌ನಲ್ಲಿ ಬರುತ್ತದೆ, ಅದೂ ತೀರಾ ಕ್ಷೀಣವಾಗಿ. ನಿಮ್ಮ ಕಾಮ್ ರೇಡಿಯೊ 131.275ರಲ್ಲಿ ಮಾತಾಡಿದರೆ ಅದರ ಹನ್ನೆರಡನೇ ಹಾರ್ಮೋನಿಕ್ (ಹನ್ನೆರಡು ಪಟ್ಟು ಆವರ್ತನದಲ್ಲಿ ಸೋರುವ ಸಂಕೇತ) 1575.3, ಹೆಚ್ಚುಕಡಿಮೆ ಅದರ ಮೇಲೆಯೇ ಬೀಳುತ್ತದೆ. ನಾನು ಕೆಲಸ ಕೊಟ್ಟ ಅಂಗಡಿಯವರು ಹಳೆಯ ಆಂಟೆನಾ ಕೇಬಲ್ಲನ್ನೇ ಉಳಿಸಿದ್ದರು, ಪರೀಕ್ಷೆಯನ್ನೂ ಮಾಡಿರಲಿಲ್ಲ. ಮೈಕ್ ಒತ್ತಿದಾಗಲೆಲ್ಲ ಉಪಗ್ರಹಗಳ ಸಂಕೇತದ ಬಲ ತೋರಿಸುವ ಪಟ್ಟಿಗಳು ಒಂದೊಂದಾಗಿ ಕುಸಿಯುತ್ತಿದ್ದವು. ವಿಮಾನವನ್ನು ಬಯಲಿನಲ್ಲಿ ನಿಲ್ಲಿಸಿ, ಇಂಥ ತೊಂದರೆ ಕೊಡಬಲ್ಲ 121.150 ಮತ್ತು 131.275ರಲ್ಲಿ ಅರ್ಧ ನಿಮಿಷ ಮೈಕ್ ಒತ್ತಿ, ಉಪಗ್ರಹಗಳ ಪುಟ ನಿಮ್ಮ ಕಣ್ಣೆದುರೇ ನೋಡಿ ತೆಗೆದುಕೊಳ್ಳಿ. ವಿಮಾನದ ಫ್ಲೈಟ್ ಮ್ಯಾನ್ಯುಯಲ್‌ಗೆ ಸೇರುವ ಸಪ್ಲಿಮೆಂಟ್‌ನಲ್ಲಿ ಐಎಫ್‌ಆರ್ (ಉಪಕರಣ ನೋಡಿ ಹಾರುವ) ಅನುಮತಿ ಇದೆಯೇ ಎಂದೂ ಓದಿ. ಜಿಪಿಎಸ್‌ನೊಳಗಿನ ದಾರಿ ಮತ್ತು ಅಪ್ರೋಚ್‌ಗಳ ಡೇಟಾಬೇಸ್ 28 ದಿನಕ್ಕೊಮ್ಮೆ ಹೊಸದಾಗುತ್ತದೆ, ಅದರ ಚಂದಾವನ್ನೂ ಲೆಕ್ಕಕ್ಕೆ ಹಿಡಿಯಿರಿ.

ಟಚ್ ಸ್ಕ್ರೀನ್ ಬಗ್ಗೆ: ಗಾಳಿ ಕುಲುಕುವಾಗ ಬೆರಳು ಬೇಕಾದ ಅಕ್ಷರ ಬಿಟ್ಟು ಪಕ್ಕದ್ದಕ್ಕೆ ಬೀಳುತ್ತದೆ. ಹೆಬ್ಬೆರಳನ್ನು ಅಂಚಿಗೆ ಊರಿ ತೋರುಬೆರಳಿನಿಂದ ಒತ್ತಿದರೆ ಸರಿಹೋಗುತ್ತದೆ. ತಿರುಗಿಸುವ ಗುಬ್ಬಿಯೇ (ನಾಬ್) ಇಷ್ಟವಾದರೆ ಐಎಫ್‌ಡಿಯಲ್ಲಿ ಟಚ್, ಗುಬ್ಬಿ ಎರಡೂ ಇವೆ. ತಯಾರಕರು ಕೊಡುವ ಸಿಮ್ಯುಲೇಟರ್‌ಗಳನ್ನು ಇಳಿಸಿಕೊಂಡು, ಪ್ರತಿಯೊಂದರಲ್ಲೂ ಹತ್ತು ಸಲ ಮಿಸ್ಡ್ ಅಪ್ರೋಚ್ (ಇಳಿಯದೆ ಮತ್ತೆ ಮೇಲೇರುವುದು) ಮಾಡಿ ಹೋಲ್ಡ್‌ಗೆ (ಒಂದೇ ಕಡೆ ಸುತ್ತುತ್ತ ಕಾಯುವುದಕ್ಕೆ) ಹೋಗಿ ನೋಡಿ. ನಿಮ್ಮ ಈಗಿನ ಸಿಡಿಐ ಮತ್ತು ಆಟೋಪೈಲಟ್ ಯಾವ ಮಾದರಿಯವು ಎಂದು ತಿಳಿಸಿದರೆ ಇನ್ನಷ್ಟು ಖಚಿತವಾಗಿ ಹೇಳುತ್ತೇನೆ.