ಉಪದೇಶ ಮಾಡದೆ ಕ್ರೈಸ್ತ ವಿಶ್ವಾಸವನ್ನು ತೋರಿಸುವುದು ಹೇಗೆ?

ನೆರೆಯವರಿಗೆ ಸಹಾಯ ಮಾಡಲು ಹೋದರೆ ಮತಾಂತರಕ್ಕೆ ಬಂದಿದ್ದಾರೆ ಎನ್ನುತ್ತಾರೆ, ಸುಮ್ಮನಿದ್ದರೆ ಮನಸ್ಸು ಒಪ್ಪುವುದಿಲ್ಲ, ಏನು ಮಾಡಲಿ ಎಂದು ಕೇಳಿದ್ದೀರಿ. ನಾನು ಮಂಗಳೂರು ಕಡೆಯ ಕಥೊಲಿಕ, ಬಡವರಿಗೆ ನೆರವಾಗುವ ಸಂಘವಾದ ಸಂತ ವಿನ್ಸೆಂಟ್ ದಿ ಪಾವ್ಲ್ ಸಭೆಗೆ ನಮ್ಮ ಚರ್ಚಿನಿಂದ ಸದಸ್ಯ. ನನಗೆ ತಿಳಿದದ್ದನ್ನು ಹೇಳುತ್ತೇನೆ.

ಬೈಬಲಿನಲ್ಲಿ ಲೂಕನ ಸುವಾರ್ತೆಯ 10ನೇ ಅಧ್ಯಾಯವನ್ನು ಇನ್ನೊಮ್ಮೆ ಓದಿ. ಕಳ್ಳರ ಕೈಗೆ ಸಿಕ್ಕಿ ದಾರಿ ಬದಿ ಬಿದ್ದವನ ಗಾಯಗಳಿಗೆ ಸಮಾರ್ಯ ನಾಡಿನ ಪ್ರಯಾಣಿಕನೊಬ್ಬ ಎಣ್ಣೆ, ದ್ರಾಕ್ಷಾರಸ ಹೊಯ್ದು ಕಟ್ಟುತ್ತಾನೆ, ಛತ್ರಕ್ಕೆ ಕರೆದೊಯ್ಯುತ್ತಾನೆ. ಗಾಯಾಳುವಿನೊಡನೆ ಅವನು ಆಡಿದ ಒಂದು ಮಾತೂ ಆ ಕಥೆಯಲ್ಲಿಲ್ಲ. ಬಾಯಿ ತೆರೆಯುವುದು ಛತ್ರದವನ ಹತ್ತಿರ, ಅದೂ ಹಣದ ವಿಷಯಕ್ಕೆ: ಹೆಚ್ಚು ಖರ್ಚಾದರೆ ಹಿಂದಿರುಗಿ ಬರುವಾಗ ಕೊಡುತ್ತೇನೆ. ಅಂದರೆ, ಅವನು ಮತ್ತೆ ಬರುವವನಿದ್ದಾನೆ. ಒಮ್ಮೆ ಕೊಟ್ಟು ಕೈ ತೊಳೆದುಕೊಳ್ಳುವವರು ಬೇಕಾದಷ್ಟು ಜನ ಸಿಗುತ್ತಾರೆ.

ನಮ್ಮ ಸಭೆಯ ಕ್ರಮವೂ ಇದೇ. 1833ರಲ್ಲಿ ಪ್ಯಾರಿಸಿನಲ್ಲಿ ಫ್ರೆಡ್ರಿಕ್ ಓಝಾನಾಂ ಎಂಬ 20 ವರ್ಷದ ವಿದ್ಯಾರ್ಥಿ ಗೆಳೆಯರೊಡನೆ ಇದನ್ನು ಆರಂಭಿಸಿದ. ಚರ್ಚಾಕೂಟದಲ್ಲಿ ಧರ್ಮದ ಪರ ವಾದಿಸುತ್ತಿದ್ದವರಿಗೆ, ಈಗ ನೀವು ಬಡವರಿಗಾಗಿ ಏನು ಮಾಡುತ್ತಿದ್ದೀರಿ ಎಂಬ ಪ್ರಶ್ನೆ ಎದುರಾಗಿತ್ತು. ನಮ್ಮ ಕ್ರಮವೆಂದರೆ, ಇಬ್ಬರು ಜೊತೆಯಾಗಿ ಬಡವರ ಮನೆಗೆ ಹೋಗಬೇಕು, ಹೋಗುತ್ತಲೇ ಇರಬೇಕು. ಸಭೆ ಸೇರಿದಾಗ ಒಂದು ಚೀಲ ಕೈಯಿಂದ ಕೈಗೆ ದಾಟುತ್ತದೆ. ಯಾರು ನೂರು ಹಾಕಿದರು, ಯಾರು ಬರಿಗೈ ಇಳಿಸಿ ತೆಗೆದರು ಎಂಬುದು ಯಾರಿಗೂ ಗೊತ್ತಾಗದು. ಅಕ್ಕಿ ಕೊಡುವ ಫೋಟೊವನ್ನು ವಾಟ್ಸಾಪಿಗೆ ಹಾಕುವವರು ಈ ಚೀಲವನ್ನೊಮ್ಮೆ ನೋಡಬೇಕು.

ನಾವು ಹೋಗುವ ಒಂದು ಮನೆ ಒಂಟಿ ಅಜ್ಜಿಯದು. ಅವರು ಕ್ರೈಸ್ತರಲ್ಲ. ಬೀಡಿ ಕಟ್ಟಿ ಕಟ್ಟಿ ಬೆರಳುಗಳ ಗೆರೆ ಸವೆದಿವೆ. ನ್ಯಾಯಬೆಲೆ ಅಂಗಡಿಯ ಯಂತ್ರ ಅವರ ಹೆಬ್ಬೆಟ್ಟನ್ನು ಒಪ್ಪುತ್ತಿರಲಿಲ್ಲ. ಅಕ್ಕಿ ಕೊಂಡು ಕೊಟ್ಟು ಬರುವುದು ನಮಗೆ ಸುಲಭವಿತ್ತು, ಆದರೆ ಅವರು ಕೇಳುತ್ತಿದ್ದದ್ದು ತಮ್ಮ ಕಾರ್ಡಿನ ಅಕ್ಕಿಯನ್ನು. ಜೊತೆಯಲ್ಲಿ ಹೋಗಿ, ಒದ್ದೆ ಬಟ್ಟೆಯಿಂದ ಒರೆಸಿ, ಒಂದೊಂದೇ ಬೆರಳನ್ನು ಇಟ್ಟು ನೋಡಿದೆವು. ಕೊನೆಗೆ ಎಡಗೈಯ ಉಂಗುರ ಬೆರಳು ಕೆಲಸಕ್ಕೆ ಬಂತು. ಈಗ ಅಂಗಡಿಯವನು ಕೇಳುವ ಮೊದಲೇ ಅಜ್ಜಿ ಅದನ್ನು ಚಾಚುತ್ತಾರೆ. ಓದಲು ಬಾರದ ಕಾರಣ ಮಾತ್ರೆಯ ಕವರುಗಳ ಮೇಲೆ ಸೂರ್ಯ, ಚಂದ್ರ ಬರೆದುಕೊಟ್ಟಿದ್ದೇವೆ.

ಕಂಕನಾಡಿಯಲ್ಲಿ 1880ರಲ್ಲಿ ಬಡವರಿಗೆ ಹೋಮಿಯೋಪಥಿ ಔಷಧ ಕೊಡಲು ಆರಂಭಿಸಿ, 1890ರಲ್ಲಿ ಕುಷ್ಠರೋಗಿಗಳಿಗೂ ಆಶ್ರಯ ಕಟ್ಟಿದ ಫಾದರ್ ಅಗಸ್ಟಸ್ ಮುಲ್ಲರ್ ಅವರ ಹೆಸರು ಇಂದು ಮಂಗಳೂರಿನ ಎಲ್ಲ ಧರ್ಮದವರ ಬಾಯಲ್ಲೂ ಇದೆ. ಅವರ ಹೆಸರಿನ ಆಸ್ಪತ್ರೆಗೆ ಹೋಗುವವರು ಹೋಗುವುದು ಔಷಧಕ್ಕೆ.

ಆದ್ದರಿಂದ ಅಕ್ಕಿ ಚೀಲದಲ್ಲಿ ಕರಪತ್ರ ಇಡಬೇಡಿ. ಹಸಿದವರು ಬೇಡ ಎನ್ನುವ ಸ್ಥಿತಿಯಲ್ಲಿರುವುದಿಲ್ಲ. ಆ ಹೊತ್ತಿನಲ್ಲಿ ಧರ್ಮದ ಮಾತು ತೆಗೆಯುವುದು ಚೌಕಾಶಿಯಾಗುತ್ತದೆ. ಹಾಗೆಂದು ನೀವು ಯಾರೆಂಬುದನ್ನು ಮುಚ್ಚಿಡಬೇಕಾಗಿಯೂ ಇಲ್ಲ. ಯಾಕೆ ಬರುತ್ತೀರಿ ಎಂದು ಅಜ್ಜಿ ಒಮ್ಮೆ ಕೇಳಿದರು. "ಯೇಸು ಹೇಳಿದ್ದಾರೆ, ಅದಕ್ಕೆ" ಎಂದೆ. "ಹಾಗಾದರೆ ಬರುವ ವಾರ ಸ್ವಲ್ಪ ಬೇಗ ಬನ್ನಿ, ಮಧ್ಯಾಹ್ನ ಕರೆಂಟ್ ಇರುವುದಿಲ್ಲ" ಎಂದರು.