ಒಂದೇ ರಕ್ತದ ಕುದುರೆಗಳನ್ನು ಕೂಡಿಸಬಹುದೇ?

ಪ್ರಶ್ನೆ: ಡಾಕ್ಟರೇ, ನನ್ನ ಬಳಿ ಐದು ವರ್ಷದ ಮಾರ್ವಾಡಿ ಹೆಣ್ಣು ಕುದುರೆ ಇದೆ. ಅದರ ತಾಯಿಯ ತಂದೆ ಒಳ್ಳೆಯ ಮೈಕಟ್ಟಿನ ಗಂಡು, ಈಗಲೂ ಗಟ್ಟಿಮುಟ್ಟಾಗಿದೆ. ಅದಕ್ಕೇ ಕೂಡಿಸಿದರೆ ಆ ಗುಣವೆಲ್ಲ ಮರಿಗೆ ಬರುತ್ತದೆ, ಒಳ್ಳೆಯ ಪೂರ್ವಜನ ರಕ್ತವನ್ನು ವಂಶದಲ್ಲಿ ಉಳಿಸಿಕೊಳ್ಳುವ ಲೈನ್ ಬ್ರೀಡಿಂಗ್ ಇದೇ ಎಂದು ದಲ್ಲಾಳಿ ಹೇಳುತ್ತಾರೆ. ಕೂಡಿಸಲೇ?
– ಓದುಗರು, ಕುಣಿಗಲ್ ತಾಲ್ಲೂಕು

ಉತ್ತರ: ಖಂಡಿತ ಬೇಡ. ಅಜ್ಜನಿಗೆ ಮೊಮ್ಮಗಳನ್ನು ಕೂಡಿಸಿದರೆ ಮರಿಯ ಒಳಸಂಕರ ಪ್ರಮಾಣ, ಅಂದರೆ ವಂಶವಾಹಿಯೊಂದರ ಎರಡೂ ಪ್ರತಿಗಳು ಪೂರ್ವಜನ ಒಂದೇ ಪ್ರತಿಯಿಂದ ಬಂದಿರುವ ಸಾಧ್ಯತೆ, ಶೇ 12.5 ಆಗುತ್ತದೆ. ತಂದೆ ಒಂದೇ ಆಗಿ ತಾಯಿ ಬೇರೆಯಾದ ಅಣ್ಣ–ತಂಗಿಯನ್ನು ಕೂಡಿಸಿದಷ್ಟೇ ಇದು. ಇದಕ್ಕೆ ಲೈನ್ ಬ್ರೀಡಿಂಗ್ ಎಂಬ ಹೆಸರು ಹಚ್ಚುವುದನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಲೈನ್ ಬ್ರೀಡಿಂಗ್‌ನಲ್ಲಿ ಸಾಮಾನ್ಯವಾಗಿ ಪೂರ್ವಜ ದೂರದವನು: ಕುಣಿಗಲ್ ಸ್ಟಡ್ ಫಾರಂ ಹೆಸರಾಗಿರುವ ಥರೋಬ್ರೆಡ್ ರೇಸ್ ಕುದುರೆಗಳಲ್ಲಿ ಒಂದೇ ಪೂರ್ವಜ ನಾಲ್ಕನೇ ತಲೆಮಾರಿನಲ್ಲಿ ತಂದೆಯ ಕಡೆಗೂ ತಾಯಿಯ ಕಡೆಗೂ ಬಂದರೆ, ಆ ಪೂರ್ವಜನಿಂದ ಸೇರುವ ಪ್ರಮಾಣ ಶೇ 0.8ರಷ್ಟು ಮಾತ್ರ.

ಅಜ್ಜ ಗಟ್ಟಿಮುಟ್ಟಾಗಿದ್ದರೂ ರೋಗದ ವಂಶವಾಹಿಯ ಒಂದು ಪ್ರತಿಯನ್ನು ಹೊತ್ತಿರಬಹುದು. ಇನ್ನೊಂದು ಪ್ರತಿ ಸರಿಯಿರುವುದರಿಂದ ಹೊರಗೆ ಕಾಣುವುದಿಲ್ಲ. ಅಂಥ ಅಜ್ಜನಿಂದ ಅದು ಮೊಮ್ಮಗಳಿಗೆ ದಾಟಿರುವ ಸಾಧ್ಯತೆ ನಾಲ್ಕರಲ್ಲಿ ಒಂದು, ಇಬ್ಬರನ್ನೂ ಕೂಡಿಸಿದರೆ ರೋಗದ ಮರಿ ಹುಟ್ಟುವ ಸಾಧ್ಯತೆ ಹದಿನಾರರಲ್ಲಿ ಒಂದು. ಅರಬ್ಬಿ ಕುದುರೆಗಳಲ್ಲಿ ರೋಗನಿರೋಧಕ ಶಕ್ತಿಯೇ ಇಲ್ಲದ ಮರಿಗಳು ಹುಟ್ಟುವುದು ತಂದೆ–ತಾಯಿ ಇಬ್ಬರಿಂದಲೂ ಹೀಗೆ ಕೆಟ್ಟ ಪ್ರತಿ ಸಿಕ್ಕಾಗ. ಮೊದಲಿಗೆ ಲವಲವಿಕೆಯಿಂದಲೇ ಓಡಾಡುತ್ತವೆ. ಗಿಣ್ಣುಹಾಲಿನಿಂದ ಬಂದ ರಕ್ಷಣೆ ಕರಗಿದ ಮೇಲೆ ನ್ಯುಮೋನಿಯಾ, ಭೇದಿ ಹಿಡಿದು ಸಾಮಾನ್ಯವಾಗಿ ಐದಾರು ತಿಂಗಳೊಳಗೆ ಸಾಯುತ್ತವೆ. ಹನ್ನೊಂದು ತಿಂಗಳು ಗಬ್ಬ ಹೊತ್ತ ತಾಯಿಗೆ ಈ ಗತಿ ಬರಬಾರದು.

ಹಾಗೆಂದು ಹೊರಗಿನ ಗಂಡು ತಂದರೆ ಎಲ್ಲ ಸರಿಹೋಯಿತು ಎನ್ನುವುದೂ ತಪ್ಪು. ತಾಯಿಯಲ್ಲಿರುವ ಕೆಟ್ಟ ಪ್ರತಿ ಅಳಿಯುವುದಿಲ್ಲ, ಅಡಗುತ್ತದೆ; ಸರಾಸರಿ ಅರ್ಧದಷ್ಟು ಮರಿಗಳು ಅದನ್ನು ಮುಂದಕ್ಕೆ ಒಯ್ಯುತ್ತವೆ. ಒಂದೇ ಪ್ರತಿಯಿಂದ ಬರುವ ರೋಗಕ್ಕಂತೂ ಹೊರಸಂಕರ ತಡೆಯೇ ಅಲ್ಲ. 1969ರಲ್ಲಿ ಹುಟ್ಟಿದ ಇಂಪ್ರೆಸ್ಸಿವ್ ಎಂಬ ಅಮೆರಿಕದ ಕ್ವಾರ್ಟರ್ ಹಾರ್ಸ್ ತಳಿಯ ಗಂಡಿನ ಮೈಕಟ್ಟಿಗೆ ಮರುಳಾಗಿ ಅದರ ಸಂತತಿಯನ್ನು ಬೆಳೆಸಿದರು. ಅದರೊಂದಿಗೇ ರಕ್ತದಲ್ಲಿ ಪೊಟ್ಯಾಸಿಯಂ ಏರಿ, ಮಾಂಸಖಂಡ ನಡುಗಿ, ಕುದುರೆ ಕುಸಿಯುವ ಕಾಯಿಲೆಯೂ ಹರಡಿತು.

ನೀವು ಮಾರ್ವಾಡಿ ತಳಿಯಲ್ಲೇ, ನಾಲ್ಕು ತಲೆಮಾರಿನವರೆಗೆ ಸಂಬಂಧವಿಲ್ಲದ ಗಂಡನ್ನು ಹುಡುಕಿ. ಬೇರು ಸಮೇತ ಕಿತ್ತ ಕೂದಲಿನಿಂದ ಕೆಲವು ರೋಗಗಳ ಡಿಎನ್‌ಎ ಪರೀಕ್ಷೆ ಸಾಧ್ಯ; ಯಾವುದು ಬೇಕೆಂದು ನಿಮ್ಮ ಪಶುವೈದ್ಯರನ್ನು ಕೇಳಿ. ಮಾರ್ವಾಡಿಯ ಗುರುತಾದ ಒಳಬಾಗಿದ ಕಿವಿಗಳ ತುದಿಗಳು ಕೂಡುತ್ತವೆಯೇ ಎಂದು ನೋಡುವ ಮೊದಲು ಆ ಗಂಡಿನ ಮರಿಗಳ ಕಾಲು, ಗೊರಸು, ಉಸಿರಾಟ ನೋಡಿ. ಸತ್ತ ಮರಿಗಳೆಷ್ಟು ಎಂದು ಮಾಲೀಕರನ್ನು ನೇರವಾಗಿ ಕೇಳಿ. ಉತ್ತರ ಕೊಡಲು ತಡವರಿಸಿದರೆ ಬೇರೆ ಕಡೆ ಹೋಗಿ.