ತಿಂಗಳಿಗೆ 2,000 ಪುಟ, ಬರೀ ಕಪ್ಪು ಅಕ್ಷರ: ಮನೆಗೆ ಯಾವ ಪ್ರಿಂಟರ್?

ಅಕ್ಕ, ನಿಮ್ಮ ಪ್ರಶ್ನೆ ಓದಿದೆ. ಸಾಗರದಲ್ಲಿ ಮನೆಯಲ್ಲೇ ಎಸ್ಸೆಸ್ಸೆಲ್ಸಿ ಟ್ಯೂಷನ್, 35 ಮಕ್ಕಳು, ತಿಂಗಳಿಗೆ ಹೆಚ್ಚುಕಮ್ಮಿ 2,000 ಪುಟ, ಬಣ್ಣ ಬೇಡವೇ ಬೇಡ, ಪ್ರಿಂಟರ್ 15,000 ರೂಪಾಯಿ ಒಳಗೆ ಸಿಗಬೇಕು ಅಂದಿದ್ದೀರಿ. ಜೆರಾಕ್ಸ್ ಅಂಗಡಿಯಲ್ಲಿ ಪುಟಕ್ಕೆ 2 ರೂಪಾಯಿ ಕೊಟ್ಟು ಸಾಕಾಗಿದೆ ಅಂತಲೂ ಬರೆದಿದ್ದೀರಿ. ನಾನು ಶಿರಸಿಯಲ್ಲಿ ಇದೇ ಕೆಲಸ ಮಾಡುತ್ತಿದ್ದೇನೆ, ಒಂಬತ್ತು ವರ್ಷವಾಯಿತು. ಸ್ವಲ್ಪ ಉದ್ದವಾದರೂ ಪೂರ್ತಿ ಬರೆಯುತ್ತೇನೆ.

ನಿಮಗೆ ಬೇಕಾಗಿರುವುದು ಕಪ್ಪು-ಬಿಳುಪಿನ ಲೇಸರ್ ಪ್ರಿಂಟರ್. ಹಾಳೆಯ ಎರಡೂ ಬದಿ ತಾನಾಗಿಯೇ ಮುದ್ರಿಸುವಂಥದ್ದೇ ಇರಲಿ. ಅಂಗಡಿಯಲ್ಲಿ ಆಟೋ ಡ್ಯೂಪ್ಲೆಕ್ಸ್ ಅಂದರೆ ಗೊತ್ತಾಗುತ್ತದೆ.

ನಾನು ಮೊದಲು ತಂದದ್ದು ಅಗ್ಗದ ಇಂಕ್‌ಜೆಟ್. 4,000 ರೂಪಾಯಿಗೆ ಸಿಕ್ಕಿತು ಅಂತ ಖುಷಿಪಟ್ಟಿದ್ದೆ. ಪುಟ್ಟ ಕಾರ್ಟ್ರಿಡ್ಜ್ 200 ಪುಟಕ್ಕೆ ಖಾಲಿಯಾಗುತ್ತಿತ್ತು. ಏಪ್ರಿಲ್-ಮೇ ರಜೆಯಲ್ಲಿ ಮುಟ್ಟದೇ ಬಿಟ್ಟೆ. ಜೂನ್‌ನಲ್ಲಿ ನೋಡಿದರೆ ಇಂಕ್ ಒಣಗಿ, ಅದನ್ನು ಹಾಳೆಗೆ ಚಿಮ್ಮಿಸುವ ಹೆಡ್ ಕಟ್ಟಿಕೊಂಡಿತ್ತು. ಲೇಸರ್‌ನಲ್ಲಿ ಇರುವುದು ಪುಡಿ, ಅದಕ್ಕೇ ಟೋನರ್ ಅನ್ನುವುದು. ಎರಡು ತಿಂಗಳು ಬಿಟ್ಟರೂ ಒಣಗುವ ಮಾತೇ ಇಲ್ಲ. ರಜೆ ಇರುವ ನಮ್ಮಂಥವರ ಕೆಲಸಕ್ಕೆ ಇದು ತುಂಬಾ ದೊಡ್ಡ ಅನುಕೂಲ.

ಈಗ ಲೆಕ್ಕಕ್ಕೆ ಬರೋಣ. ಪ್ರಿಂಟರ್ ಬೆಲೆ ಒಂದೇ ಸಲ ಕೊಡುವುದು, ಟೋನರ್ ಬೆಲೆ ವರ್ಷವಿಡೀ ಕೊಡುವುದು. ಬ್ರದರ್ ಕಂಪನಿಯ ಎಚ್‌ಎಲ್-ಬಿ2000ಡಿ ಉದಾಹರಣೆಗೆ ತಗೊಳ್ಳಿ. ಇದರಲ್ಲಿ ಟೋನರ್ ಬೇರೆ, ಆ ಪುಡಿಯನ್ನು ಹಾಳೆಗೆ ದಾಟಿಸುವ ಉರುಳೆ, ಅಂದರೆ ಡ್ರಮ್ ಬೇರೆ. ಟೋನರ್ 2,600 ಪುಟಕ್ಕೆ, ಡ್ರಮ್ 12,000 ಪುಟಕ್ಕೆ ಅಂತ ಕಂಪನಿ ಹೇಳುತ್ತದೆ. ಟೋನರ್ 1,300 ರೂಪಾಯಿ ಅಂತಿಟ್ಟುಕೊಂಡರೆ ಪುಟಕ್ಕೆ 50 ಪೈಸೆ. ಡ್ರಮ್ 3,600 ಅಂತಿಟ್ಟುಕೊಂಡರೆ 30 ಪೈಸೆ. 500 ಹಾಳೆಯ ರೀಮ್ 300 ರೂಪಾಯಿ ಅಂದರೆ ಹಾಳೆಗೆ 60 ಪೈಸೆ, ಎರಡೂ ಬದಿ ಮುದ್ರಿಸಿದರೆ ಪುಟಕ್ಕೆ 30 ಪೈಸೆ. ಒಟ್ಟು 1 ರೂಪಾಯಿ 10 ಪೈಸೆ. ಜೆರಾಕ್ಸಿನ 2 ರೂಪಾಯಿಗೆ ಹೋಲಿಸಿದರೆ ತಿಂಗಳಿಗೆ 2,000 ಪುಟಕ್ಕೆ 1,800 ರೂಪಾಯಿ ಉಳಿತಾಯ ಆಯ್ತು, ಅಲ್ವಾ? ಈ ದರಗಳು ಲೆಕ್ಕ ತೋರಿಸಲು ನಾನು ಹಾಕಿದ್ದು. ನಿಮ್ಮೂರಿನ ಅಂಗಡಿಯ ದರ ಹಾಕಿ ನೋಡಿ. ಡ್ರಮ್ ಬೆಲೆಯನ್ನು ಮಾತ್ರ ಮರೆಯದೇ ಕೇಳಿ. ಅಂಗಡಿಯವರು ಟೋನರ್ ದರವನ್ನಷ್ಟೇ ಹೇಳಿ ಸುಮ್ಮನಾಗುತ್ತಾರೆ.

ಇನ್ನೊಂದು, ಈ 2,600 ಅನ್ನುವುದು ಪುಟದ ನೂರಕ್ಕೆ 5 ಭಾಗ ಮಾತ್ರ ಕಪ್ಪಾಗುತ್ತದೆ ಅನ್ನುವ ಅಂದಾಜಿನದು. ಪ್ರಶ್ನೆಪತ್ರಿಕೆ ಒತ್ತೊತ್ತಾಗಿ ಇರುತ್ತದೆ, ವಿಜ್ಞಾನದ ಚಿತ್ರ, ನಕಾಶೆ ಎಲ್ಲಾ ಬರುತ್ತದೆ. ನೀವು 2,000 ಅಂತಲೇ ಲೆಕ್ಕ ಹಿಡಿಯಿರಿ. ಆಗ ಟೋನರ್‌ಗೆ 50ರ ಬದಲು 65 ಪೈಸೆ ಬೀಳುತ್ತದೆ.

ಜೆರಾಕ್ಸ್ ಅಂಗಡಿಗಳಲ್ಲಿ ಕಾಣುವ ಕ್ಯಾನನ್ ಎಲ್‌ಬಿಪಿ 2900, ಎಚ್‌ಪಿ 1020 ಹಳೆಯ ಗಟ್ಟಿ ಜೀವಗಳು. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ಸಿಗುತ್ತವೆ. 1020ಕ್ಕೆ ಹಾಕುವ 12ಎ ಕಾರ್ಟ್ರಿಡ್ಜ್ 2,000 ಪುಟದ್ದು, ಡ್ರಮ್ ಅದರೊಳಗೇ ಇರುತ್ತದೆ. ಇದನ್ನು ರೀಫಿಲ್ ಮಾಡುವವರು ಊರೂರಲ್ಲೂ ಇದ್ದಾರೆ. ಖರ್ಚು ಬಹಳ ಕಮ್ಮಿ. ಆದರೆ ಹಾಳೆಯನ್ನು ಕೈಯಲ್ಲೇ ತಿರುಗಿಸಿ ಹಾಕಬೇಕು. 35 ಮಕ್ಕಳಿಗೆ ನಾಲ್ಕು ಪುಟದ ಪತ್ರಿಕೆ ಅಂದರೆ ಒಂದು ಸಂಜೆ ಅದಕ್ಕೇ ಹೋಗುತ್ತದೆ. ಹೊಸ ಮಾದರಿಗಳ ಎಷ್ಟೋ ಕಾರ್ಟ್ರಿಡ್ಜ್‌ಗಳಲ್ಲಿ ಚಿಪ್ ಇರುತ್ತದೆ. ರೀಫಿಲ್ ಮಾಡಿಸಿದಾಗ ಚಿಪ್ಪನ್ನೂ ಬದಲಿಸಬೇಕಾಗಬಹುದು. ಕೊಳ್ಳುವ ಮೊದಲೇ ನಿಮ್ಮೂರಿನ ರೀಫಿಲ್‌ನವರನ್ನು ಕೇಳಿ.

ಬಾಟಲಿಯಿಂದ ಇಂಕ್ ತುಂಬಿಸಿಕೊಳ್ಳುವ ಇಂಕ್ ಟ್ಯಾಂಕ್ ಪ್ರಿಂಟರ್ ಬೇಡವೇ ಅಂತ ಕೇಳಿದ್ದೀರಿ. ಕಪ್ಪು ಮಾತ್ರ ಮುದ್ರಿಸುವ ಟ್ಯಾಂಕ್ ಪ್ರಿಂಟರ್ ಇದೆ, ಎಪ್ಸನ್ ಎಂ1140 ಅಂಥದ್ದು. ಎರಡೂ ಬದಿ ತಾನೇ ಮುದ್ರಿಸುತ್ತದೆ. 120 ಎಂಎಲ್ ಬಾಟಲಿಗೆ 6,000 ಪುಟ. ಪುಟದ ಖರ್ಚು ಲೇಸರ್‌ಗಿಂತ ಕಮ್ಮಿಯೇ ಬೀಳುತ್ತದೆ. ಕರೆಂಟ್ ಹೋದರೆ ಮನೆಯ ಇನ್ವರ್ಟರ್ ಮೇಲೂ ಓಡುತ್ತದೆ. ಲೇಸರ್ ಹಾಗಲ್ಲ. ಒಳಗಿನ ರೋಲರ್ ಬಿಸಿಯಾಗುವಾಗ ತುಂಬಾ ಕರೆಂಟ್ ಎಳೆಯುತ್ತದೆ, ಕಂಪ್ಯೂಟರಿನ ಯುಪಿಎಸ್‌ಗೆ ಯಾವತ್ತೂ ಸಿಕ್ಕಿಸಬೇಡಿ. ಕರೆಂಟ್ ಜಾಸ್ತಿ ಹೋಗುವ ಹಳ್ಳಿಯಲ್ಲಿದ್ದು, ರಜೆಯಲ್ಲೂ ವಾರಕ್ಕೊಮ್ಮೆ ನಾಲ್ಕು ಹಾಳೆ ತೆಗೆಯುತ್ತೇನೆ ಅನ್ನುವವರು ಟ್ಯಾಂಕನ್ನೇ ತಗೊಳ್ಳಲಿ. ನೀವು ರಜೆಯಲ್ಲಿ ತವರಿಗೆ ಹೋಗುತ್ತೇನೆ ಅಂದಿದ್ದೀರಿ, ಅದಕ್ಕೇ ನಾನು ಲೇಸರ್ ಅನ್ನುವುದು.

ವೈಫೈ ಬೇಕೇ ಅನ್ನುವುದು ನಿಮಗೆ ಬಿಟ್ಟದ್ದು. ಮೊಬೈಲಿನಿಂದ ಕಳಿಸುವುದಿದ್ದರೆ ಬ್ರದರ್‌ನದೇ ಬಿ2080ಡಿಡಬ್ಲ್ಯೂ ನೋಡಿ. ಕಂಪ್ಯೂಟರ್ ಪಕ್ಕದಲ್ಲೇ ಇದ್ದರೆ ಕೇಬಲ್ ಸಾಕು.

ಇನ್ನು ನಮ್ಮ ಮಲೆನಾಡಿನ ಮಳೆ. ಇದನ್ನು ಯಾವ ಅಂಗಡಿಯವರೂ ಹೇಳುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಾಳೆ ತೇವ ಎಳೆದುಕೊಳ್ಳುತ್ತದೆ. ತೇವದ ಹಾಳೆ ಲೇಸರ್‌ನ ಬಿಸಿಗೆ ಸುರುಳಿ ಸುತ್ತಿಕೊಳ್ಳುತ್ತದೆ, ಎರಡೆರಡು ಒಟ್ಟಿಗೆ ಹೋಗಿ ಸಿಕ್ಕಿಹಾಕಿಕೊಳ್ಳುತ್ತದೆ. ಪುಡಿಯೂ ಸರಿಯಾಗಿ ಅಂಟದೆ ಬೆರಳಿಗೆ ಬರುತ್ತದೆ. ಪ್ರಿಂಟರ್ ಕೆಟ್ಟಿತು ಅಂತ ನಾನು ಎರಡು ಸಲ ರಿಪೇರಿಯವರನ್ನು ಕರೆಸಿದ್ದೆ, ಎರಡು ಸಲವೂ ತೊಂದರೆ ಇದ್ದದ್ದು ಹಾಳೆಯಲ್ಲೇ. ರೀಮ್‌ನ ಹೊರಕಾಗದ ತೇವ ತಡೆಯುವಂಥದ್ದು, ಅದನ್ನು ಹರಿದು ಎಸೆಯಬೇಡಿ. ಬೇಕಾದಷ್ಟು ತೆಗೆದು ಉಳಿದದ್ದನ್ನು ಅದರಲ್ಲೇ ಸುತ್ತಿ, ಗಟ್ಟಿ ಮುಚ್ಚಳದ ಡಬ್ಬದಲ್ಲಿಡಿ. ಮಳೆಗಾಲದಲ್ಲಿ ನಾನು ಟ್ರೇಯಲ್ಲಿ ಆ ದಿನಕ್ಕೆ ಬೇಕಾದಷ್ಟೇ ಹಾಳೆ ಇಡುತ್ತೇನೆ. 70 ಜಿಎಸ್‌ಎಂ ಬದಲು 75 ಹಾಕುತ್ತೇನೆ, ಅಂಕಿ ಹೆಚ್ಚಾದಷ್ಟೂ ಹಾಳೆ ದಪ್ಪ. ಹಿಂದಿನ ಬದಿಯ ಅಕ್ಷರವೂ ಅಷ್ಟಾಗಿ ಕಾಣುವುದಿಲ್ಲ. ದಾಂಡೇಲಿಯ ಕಾಗದ ನಮ್ಮ ಜಿಲ್ಲೆಯದೇ, ಸಿಕ್ಕಾಗ ನಾನು ಅದನ್ನೇ ತರುವುದು.

ಪುಟ ಉಳಿಸುವುದೂ ದುಡ್ಡು ಉಳಿಸಿದ ಹಾಗೆಯೇ. ಒತ್ತಕ್ಷರಕ್ಕೆ ಜಾಗ ಬೇಕಾದ್ದರಿಂದ ಕನ್ನಡದ ಸಾಲುಗಳು ಇಂಗ್ಲಿಷ್‌ಗಿಂತ ಎತ್ತರ ಹಿಡಿಯುತ್ತವೆ. ಅಂಚನ್ನು ಒಂದೂವರೆ ಸೆಂಟಿಮೀಟರಿಗೆ ಇಳಿಸಿ, ಅಕ್ಷರದ ಗಾತ್ರ 12ರಿಂದ 11ಕ್ಕೆ ತಂದ ಮೇಲೆ ನನ್ನ ಐದು ಪುಟದ ಪತ್ರಿಕೆ ನಾಲ್ಕಕ್ಕೆ ಬಂತು. ಟೋನರ್ ಉಳಿಸುವ ಸೆಟ್ಟಿಂಗ್ ಮಾತ್ರ ಮಕ್ಕಳ ಪ್ರತಿಗೆ ಬೇಡ. ಅಕ್ಷರ ಮಸುಕಾಗಿ ದ ಯಾವುದು, ಹೊಟ್ಟೆ ಸೀಳಿದ ಧ ಯಾವುದು ಅಂತ ತಿಳಿಯುವುದಿಲ್ಲ. ಮಕ್ಕಳು ನೋಡಿ ಕಲಿಯುವುದೇ ಆ ಹಾಳೆಯನ್ನು.

ಪೂರ್ವಸಿದ್ಧತಾ ಪರೀಕ್ಷೆ ಹೊತ್ತಿಗೆ ನಾಲ್ಕೈದು ಟ್ಯೂಷನ್‌ನವರು ಸೇರಿ ಒಂದೇ ಪತ್ರಿಕೆಯ 300 ಪ್ರತಿ ತೆಗೆಸುವುದಿದ್ದರೆ ಪ್ರಿಂಟರ್ ಸವೆಸಬೇಡಿ. ರಿಸೋ ಯಂತ್ರ ಇರುವ ಪ್ರೆಸ್‌ಗೆ ಕೊಡಿ. ಅದರಲ್ಲಿ ಪುಟದ ಒಂದು ಮಾಸ್ಟರ್, ಅಂದರೆ ಅಚ್ಚು, ಮಾಡಿದರೆ ಎಲ್ಲಾ ಪ್ರತಿಯೂ ಅದರಿಂದಲೇ ಬರುತ್ತದೆ, ಪ್ರತಿ ಹೆಚ್ಚಾದಷ್ಟೂ ದರ ಇಳಿಯುತ್ತದೆ.

ಸರ್ವಿಸ್ ಸಾಗರದಲ್ಲೇ ಸಿಗುತ್ತದೋ, ಶಿವಮೊಗ್ಗಕ್ಕೆ ಹೊತ್ತುಕೊಂಡು ಹೋಗಬೇಕೋ ಅಂತ ಕೇಳಿಕೊಂಡೇ ದುಡ್ಡು ಕೊಡಿ. ಟೋನರ್, ಡ್ರಮ್ ಎರಡರ ದರವನ್ನೂ ಬರೆಸಿಕೊಂಡು ಬಂದು ಇಲ್ಲಿ ಹಾಕಿ. ಕೂತು ಲೆಕ್ಕ ಮಾಡಿ ಹೇಳುತ್ತೇನೆ.